ಕಲ್ಲಿದ್ದಲ ಸೀಮೆಯ ಶನಿವಾರದ ಆಟ



'ಅರೆ' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಅಷ್ಟೇನೂ ಮರ್ಯಾದೆ ಇಲ್ಲ. ಅರೆಬೆಂದ ಅನ್ನ, ಅರೆಹೊಟ್ಟೆ, ಅರೆಮನಸ್ಸು, ಅರೆಬರೆ ಓದು. ಯಾವುದನ್ನು ತೆಗೆದುಕೊಂಡರೂ ಎಲ್ಲೋ ಏನೋ ಕಡಮೆ ಬಿತ್ತು ಎಂಬ ಅರ್ಥವೇ. ಆದ್ದರಿಂದ 'ಅರೆವೃತ್ತಿಪರ ಕ್ರೀಡೆ' ಎಂದೊಡನೆ, ಪೂರ್ತಿ ವೃತ್ತಿಪರರಾಗಲು ಯೋಗ್ಯತೆ ಸಾಲದವರು ಆಡುವ ಆಟವಿರಬೇಕು ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಾನು ಇಂದು ಹೇಳಹೊರಟಿರುವುದು ಅಂಥದೊಂದು ಅರೆವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಮೊದಲ ಋತುವಿನ ಕಥೆ. ಸ್ಥಳ, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪೂರ್ವ ಭಾಗ. ಕಾಲ, 1946–47ರ ಚಳಿಗಾಲ. ಕಥೆ ಕೇಳಿದ ಮೇಲೆ ಆ 'ಅರೆ' ಎಂಬುದು ಕೊರತೆಯೋ ಬಲವೋ ಎಂಬುದನ್ನು ನೀವೇ ತೂಗಿ ನೋಡಿ. ನನ್ನ ಅಭಿಪ್ರಾಯವನ್ನಂತೂ ನಾನು ಮುಚ್ಚಿಡುವುದಿಲ್ಲ.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳೋಣ. ಟೂರ್ನಿಯಲ್ಲಿ ಸೋತವರು ಅಂದೇ ಮನೆಗೆ ಹೋಗುತ್ತಾರೆ. ಲೀಗ್ ಹಾಗಲ್ಲ. ಅಲ್ಲಿ ಪ್ರತಿಯೊಂದು ತಂಡವೂ ಉಳಿದ ತಂಡಗಳೆಲ್ಲದರೊಡನೆ, ತನ್ನ ಊರಿನಲ್ಲೂ ಅವರ ಊರಿನಲ್ಲೂ, ತಿಂಗಳುಗಟ್ಟಲೆ ಆಡುತ್ತಲೇ ಇರಬೇಕು. ಹೀಗಾಗಿ ಲೀಗಿಗೆ ಬೇಕಾದದ್ದು ಆಟಗಾರರಿಗಿಂತ ಹೆಚ್ಚಾಗಿ ತಾಳಿಕೆ. ಇನ್ನು ಅರೆವೃತ್ತಿಪರ ಎಂದರೆ, ಆಡಿದ್ದಕ್ಕೆ ಹಣ ಸಿಗುತ್ತದೆ, ಆದರೆ ಆ ಹಣದಿಂದಲೇ ಸಂಸಾರ ನಡೆಯುವುದಿಲ್ಲ. ಆಟಗಾರ ವಾರದ ದಿನಗಳಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಾನೆ, ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಇಲ್ಲವೇ ಕಛೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ಶನಿವಾರ ಭಾನುವಾರ ಬಂದರೆ ಬೂಟಿನ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ನಮ್ಮ ರೈಲ್ವೆ ತಂಡ, ಬ್ಯಾಂಕು ತಂಡಗಳನ್ನು ಬಲ್ಲ ನಿಮಗೆ ಇದು ಪರಿಚಿತ ಎನಿಸಬಹುದು. ವ್ಯತ್ಯಾಸವೊಂದಿದೆ. ನಮ್ಮಲ್ಲಿ ಕೆಲಸ ಕೊಟ್ಟವರೇ ತಂಡ ಕಟ್ಟುತ್ತಾರೆ. ಅಲ್ಲಿ ಕೆಲಸ ಒಬ್ಬರದು, ತಂಡ ಇನ್ನೊಬ್ಬರದು.

ಈಗ ಊರುಗಳ ಕಡೆ ಬನ್ನಿ. ಪೆನ್ಸಿಲ್ವೇನಿಯದ ಈಶಾನ್ಯ ಮೂಲೆಯ ಬೆಟ್ಟಗಳ ಅಡಿಯಲ್ಲಿ ಆಂಥ್ರಸೈಟ್ ಎಂಬ ಕಲ್ಲಿದ್ದಲಿದೆ. ಕಲ್ಲಿದ್ದಲಿನ ಜಾತಿಗಳಲ್ಲೆಲ್ಲ ಇದು ಅತ್ಯಂತ ಗಟ್ಟಿ. ಇಂಗಾಲದ ಅಂಶ ಬಹಳ ಹೆಚ್ಚು, ಹೊತ್ತಿಕೊಳ್ಳಲು ತಡ, ಹೊತ್ತಿಕೊಂಡ ಮೇಲೆ ಹೊಗೆಯೇ ಇಲ್ಲವೆನ್ನುವಷ್ಟು ಸ್ವಚ್ಛವಾದ ಉರಿ. ಅಮೆರಿಕದ ಪೂರ್ವ ಕರಾವಳಿಯ ನಗರಗಳ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಟ್ಟದ್ದು ಇದೇ. 1917ರಲ್ಲಿ ಈ ಗಣಿಗಳಿಂದ ಸುಮಾರು 10 ಕೋಟಿ ಟನ್ ಕಲ್ಲಿದ್ದಲು ಹೊರಬಂತು. ಆ ಮಟ್ಟವನ್ನು ಮತ್ತೆಂದೂ ಮುಟ್ಟಲಾಗಲಿಲ್ಲ. ಎಣ್ಣೆ, ಅನಿಲಗಳು ಬಂದು ಮನೆಯೊಲೆಗಳನ್ನು ಒಂದೊಂದಾಗಿ ಕಸಿದುಕೊಂಡವು. ಎರಡನೆಯ ಮಹಾಯುದ್ಧ ಮುಗಿದು ತರುಣರು ಸೈನ್ಯದಿಂದ ಊರಿಗೆ ಮರಳುವ ಹೊತ್ತಿಗೆ ಆ ಊರುಗಳಿಗೆ ತಮ್ಮ ಒಳ್ಳೆಯ ದಿನಗಳು ಕಳೆದುಹೋದವೆಂಬುದು ಒಳಗೊಳಗೇ ತಿಳಿದಿತ್ತು.

ಇಂಥ ಕಾಲದಲ್ಲಿ, 1946ರ ಏಪ್ರಿಲ್ 23ರಂದು, ಈಸ್ಟರ್ನ್ ಪೆನ್ಸಿಲ್ವೇನಿಯ ಬಾಸ್ಕೆಟ್‌ಬಾಲ್ ಲೀಗ್ ಹುಟ್ಟಿತು. ಆರು ತಂಡಗಳು. ವಿಲ್ಕ್ಸ್-ಬ್ಯಾರಿ, ಹೇಝಲ್‌ಟನ್, ಆಲನ್‌ಟೌನ್, ಲ್ಯಾಂಕಾಸ್ಟರ್ ಮತ್ತು ರೆಡಿಂಗ್ ಎಂಬ ಐದು ಊರುಗಳು ಪೆನ್ಸಿಲ್ವೇನಿಯದವು. ಆರನೆಯದಾದ ಬಿಂಗಮ್‌ಟನ್ ಮಾತ್ರ ಉತ್ತರದ ಗಡಿಯಾಚೆ, ನ್ಯೂಯಾರ್ಕ್ ರಾಜ್ಯದಲ್ಲಿತ್ತು.

ತಂಡಗಳ ಹೆಸರುಗಳನ್ನು ಸ್ವಲ್ಪ ನೋಡಿ, ಊರಿನ ಚರಿತ್ರೆ ಅಲ್ಲೇ ಸಿಗುತ್ತದೆ. ವಿಲ್ಕ್ಸ್-ಬ್ಯಾರಿಯ ತಂಡ 'ಬ್ಯಾರನ್ಸ್'. ಗಣಿಗಳ ಒಡೆಯರನ್ನು ಅಲ್ಲಿನ ಜನ ಕಲ್ಲಿದ್ದಲ ಬ್ಯಾರನ್‌ಗಳು, ಎಂದರೆ ಕಲ್ಲಿದ್ದಲ ದೊರೆಗಳು, ಎಂದು ಕರೆಯುತ್ತಿದ್ದರು. ಲ್ಯಾಂಕಾಸ್ಟರ್ ತಂಡ 'ರೆಡ್ ರೋಸಸ್', ಕೆಂಪು ಗುಲಾಬಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಅರಸು ಮನೆತನದ ಲಾಂಛನ ಅದು. ನಿಮ್ಮ ಚರಿತ್ರೆಯ ಪುಸ್ತಕದಲ್ಲಿ ಬರುವ ಗುಲಾಬಿ ಕದನಗಳ ಕೆಂಪು ಗುಲಾಬಿಯೇ ಸಾಗರ ದಾಟಿ ಬಂದು ಬಾಸ್ಕೆಟ್‌ಬಾಲ್ ಬನಿಯನ್ನಿನ ಮೇಲೆ ಕುಳಿತಿತ್ತು. ಬಿಂಗಮ್‌ಟನ್ ತಂಡದ ಹೆಸರು 'ಟ್ರಿಪ್ಲೆಟ್ಸ್', ತ್ರಿವಳಿಗಳು. ಬಿಂಗಮ್‌ಟನ್, ಜಾನ್ಸನ್ ಸಿಟಿ, ಎಂಡಿಕಾಟ್ ಎಂಬ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆದಿದ್ದರಿಂದ ಆ ಹೆಸರು.

ಆ ವರ್ಷವೇ ಇನ್ನೊಂದು ಲೀಗೂ ಹುಟ್ಟಿತು. ಜೂನ್ 6ರಂದು, ಎಂದರೆ ನಮ್ಮ ಲೀಗು ಹುಟ್ಟಿದ 44 ದಿನಗಳ ನಂತರ, ನ್ಯೂಯಾರ್ಕ್ ನಗರದ ಹೋಟೆಲೊಂದರಲ್ಲಿ ದೊಡ್ಡ ದೊಡ್ಡ ಒಳಾಂಗಣ ಕ್ರೀಡಾಂಗಣಗಳ ಮಾಲೀಕರು ಸೇರಿದರು. ಐಸ್ ಹಾಕಿ ಪಂದ್ಯಗಳಿಲ್ಲದ ರಾತ್ರಿಗಳಲ್ಲಿ ಅವರ ಸಾವಿರಾರು ಕುರ್ಚಿಗಳು ಖಾಲಿ ಬಿದ್ದಿರುತ್ತಿದ್ದವು. ಅವನ್ನು ತುಂಬಿಸಲು ಅವರು ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಸ್ಥೆ ಕಟ್ಟಿದರು. ಹನ್ನೊಂದು ಮಹಾನಗರಗಳ ಹನ್ನೊಂದು ತಂಡಗಳು. ಅದೇ ಮುಂದೆ 1949ರಲ್ಲಿ ಇನ್ನೊಂದು ಲೀಗಿನೊಡನೆ ಕೂಡಿಕೊಂಡು ಎನ್.ಬಿ.ಎ. ಆಯಿತು. ಇಂದು ನೀವು ಬನಿಯನ್ನುಗಳ ಮೇಲೂ ಟೋಪಿಗಳ ಮೇಲೂ ಕಾಣುವ ಅದೇ ಎನ್.ಬಿ.ಎ. ವಯಸ್ಸಿನ ಲೆಕ್ಕದಲ್ಲಿ ಕಲ್ಲಿದ್ದಲ ಸೀಮೆಯ ಪುಟ್ಟ ಲೀಗು ಅದಕ್ಕೆ ಅಕ್ಕ.

ಒಂದು ಲೀಗು ಖಾಲಿ ಕುರ್ಚಿಗಳಿಗಾಗಿ ಹುಟ್ಟಿತು. ಇನ್ನೊಂದಕ್ಕೆ ಸರಿಯಾದ ಕುರ್ಚಿಗಳೇ ಇರಲಿಲ್ಲ. ಇಂಥ ಸಣ್ಣ ಊರುಗಳಲ್ಲಿ ಆಟ ನಡೆಯುತ್ತಿದ್ದದ್ದು ಹೈಸ್ಕೂಲಿನ ಜಿಮ್‌ನಲ್ಲಿ, ಇಲ್ಲವೇ ಸೇನೆಯ ಮೀಸಲು ತುಕಡಿಗಳು ಕವಾಯತು ಮಾಡುವ ಸಭಾಂಗಣಗಳಲ್ಲಿ. ಆಟಗಾರನ ಬೆವರು ಮೊದಲ ಸಾಲಿನವನ ಮೇಲೆ ಹಾರುವಷ್ಟು ಹತ್ತಿರ. ಅಂಕಣದ ಗೆರೆಗೂ ಪ್ರೇಕ್ಷಕನ ಮೊಣಕಾಲಿಗೂ ನಡುವೆ ಹೆಚ್ಚು ಜಾಗವಿಲ್ಲ. ವಾರವಿಡೀ ಒಟ್ಟಿಗೆ ದುಡಿದವನು ಶನಿವಾರ ರಾತ್ರಿ ಚೆಂಡು ಬಿಟ್ಟುಕೊಟ್ಟರೆ ಸೋಮವಾರ ಬೆಳಗ್ಗೆ ಅವನಿಗೆ ಉತ್ತರ ಹೇಳಬೇಕಾದೀತು. ದೊಡ್ಡ ನಗರದ ತಾರೆಗೆ ಈ ಕಷ್ಟವಿಲ್ಲ.

ವಾರಾಂತ್ಯದಲ್ಲಿ ಆಡುವ ಲೀಗಿಗೆ ದೂರವೇ ದೊಡ್ಡ ಶತ್ರು. ಸಂಜೆ ಕೆಲಸ ಮುಗಿಸಿ, ಯಾರದೋ ಕಾರಿನಲ್ಲಿ ಐದಾರು ಜನ ಒತ್ತಿಕೊಂಡು ಕುಳಿತು, ಹಿಮ ಬಿದ್ದ ಗುಡ್ಡದ ರಸ್ತೆಯಲ್ಲಿ ಇನ್ನೊಂದೂರಿಗೆ ಹೋಗಿ, ಆಡಿ, ಮತ್ತೆ ಕೆಲಸದ ಹೊತ್ತಿಗೆ ಮನೆ ಸೇರಬೇಕು. ಹಾಗಾಗಿ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ ಬಿಂಗಮ್‌ಟನ್ ಈ ಗುಂಪಿಗೆ ಒಗ್ಗದ ಊರು ಎಂದು ನನಗನಿಸುತ್ತದೆ. ಆದದ್ದೂ ಹಾಗೆಯೇ. ಮೊದಲ ಋತುವಿನ ನಡುವೆಯೇ ಆ ತಂಡ ಗಂಟುಮೂಟೆ ಕಟ್ಟಿಕೊಂಡು ಪೆನ್ಸಿಲ್ವೇನಿಯದ ಪಾಟ್ಸ್‌ವಿಲ್‌ಗೆ ಬಂತು. ಅದೂ ಕಲ್ಲಿದ್ದಲ ಊರೇ. 'ಟ್ರಿಪ್ಲೆಟ್ಸ್' ಇದ್ದದ್ದು 'ಪ್ಯಾಕರ್ಸ್' ಆಯಿತು. ಪರೀಕ್ಷೆಯ ನಡುವೆ ಶಾಲೆ ಬದಲಿಸಿದ ಹಾಗೆ! ಆದರೂ ಪಂದ್ಯಗಳು ನಿಲ್ಲಲಿಲ್ಲ.

ಆ ಚಳಿಗಾಲದ ಕೊನೆಗೆ ಗೆದ್ದವರು ವಿಲ್ಕ್ಸ್-ಬ್ಯಾರಿಯ ಬ್ಯಾರನ್‌ಗಳು. ಲೀಗಿನ ಮೊದಲ ಚಾಂಪಿಯನ್‌ಗಳು. ಗೆದ್ದವರೇನು ಮಾಡಿದರು ಗೊತ್ತೆ? ಮರುವರ್ಷವೇ ಹೆಚ್ಚು ಹೆಸರಿದ್ದ ಅಮೆರಿಕನ್ ಬಾಸ್ಕೆಟ್‌ಬಾಲ್ ಲೀಗಿಗೆ ಹೊರಟುಹೋದರು. ಮೊದಲ ಋತುವಷ್ಟೇ ಮುಗಿದಿದೆ, ಆಗಲೇ ಚಾಂಪಿಯನ್ ತಂಡವೇ ಕೈಬಿಟ್ಟು ಹೋದರೆ ಉಳಿದವರ ಗತಿ ಏನು? ಏನೂ ಆಗಲಿಲ್ಲ. ಬೇರೆ ಊರುಗಳು ಬಂದು ಸೇರಿಕೊಂಡವು, ಆಟ ಮುಂದುವರಿಯಿತು. ಬ್ಯಾರನ್‌ಗಳು ಹೋದ ಆ ಹೆಸರುವಾಸಿ ಲೀಗು 1953ರಲ್ಲಿ ಬಾಗಿಲು ಹಾಕಿತು. ಅವರು ಹಳೆಯ ಮನೆಗೇ ಮರಳಿ, 1950ರ ದಶಕದಲ್ಲೇ ಮತ್ತೆ ಮತ್ತೆ ಪ್ರಶಸ್ತಿ ಗೆದ್ದರು.

ಮಹಾನಗರಗಳ ಲೀಗಿನ ಕಡೆಗೂ ಒಂದು ನೋಟ ಹಾಯಿಸಿ. ಮೊದಲ ಋತು ಮುಗಿಯುತ್ತಲೇ ಅದರ ಹನ್ನೊಂದು ತಂಡಗಳಲ್ಲಿ ನಾಲ್ಕು ಮುಚ್ಚಿದವು. ಟೊರಾಂಟೊ, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್. ಪಿಟ್ಸ್‌ಬರ್ಗ್ ಇದೇ ಪೆನ್ಸಿಲ್ವೇನಿಯದ ದೊಡ್ಡ ಉಕ್ಕಿನ ನಗರ. ಅಲ್ಲಿನ ತಂಡ ಒಂದೇ ಚಳಿಗಾಲ ಬದುಕಿತು. ಕಾರಣ ಸರಳ ಅಂಕಗಣಿತ. ದೊಡ್ಡ ಸಭಾಂಗಣದ ಖರ್ಚು, ರೈಲು ಪ್ರಯಾಣ, ಹೋಟೆಲು, ಪೂರ್ಣಾವಧಿ ಸಂಬಳ, ಇವೆಲ್ಲ ಪ್ರೇಕ್ಷಕರು ಬಂದರೂ ಬಾರದಿದ್ದರೂ ಕೊಡಲೇಬೇಕಾದ ಹಣ. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಲೀಗಿಗೆ ಈ ಹೊರೆಯಿರಲಿಲ್ಲ. ಆಟಗಾರನ ಮನೆಯೊಲೆ ಹೇಗೂ ಇನ್ನೊಂದು ಕೆಲಸದಿಂದ ಉರಿಯುತ್ತಿತ್ತು. ಒಂದು ಶನಿವಾರ ಜನ ಕಡಮೆ ಬಂದರೆ ಅಂದಿನ ಪಾಲು ಸಣ್ಣದಾಗುತ್ತಿತ್ತು, ಅಷ್ಟೆ.

ಇಷ್ಟೇ ಆಗಿದ್ದರೆ ಈ ಲೀಗನ್ನು ನಿಮ್ಮೆದುರು ತರುವ ಅಗತ್ಯವಿರಲಿಲ್ಲ. ಮೊದಲ ಋತುವಿನಲ್ಲಿ ನಡೆದ ಒಂದು ಸಂಗತಿಗಾಗಿ ತಂದಿದ್ದೇನೆ. ಅದು ನಡೆದದ್ದು ಹೇಝಲ್‌ಟನ್‌ನಲ್ಲಿ.

1946ರ ಅಮೆರಿಕದಲ್ಲಿ ಬಿಳಿಯರೂ ಕಪ್ಪು ವರ್ಣೀಯರೂ ಒಂದೇ ತಂಡದಲ್ಲಿ ಆಡುವುದು ಅಪರೂಪ. ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ಮೊದಲ ಸಲ ಅಂಕಣಕ್ಕಿಳಿದದ್ದು 1947ರ ಏಪ್ರಿಲ್ 15ರಂದು. ಮಹಾನಗರಗಳ ಹೊಸ ಬಾಸ್ಕೆಟ್‌ಬಾಲ್ ಲೀಗಿನ ಹನ್ನೊಂದು ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಎನ್.ಬಿ.ಎ.ಯ ಬಾಗಿಲು ಅವರಿಗೆ ತೆರೆದದ್ದು 1950ರ ಅಕ್ಟೋಬರ್ 31ರಂದು ಅರ್ಲ್ ಲಾಯ್ಡ್ ಆಡಿದಾಗ. ಮಧ್ಯ ಅಮೆರಿಕದ ಇನ್ನೊಂದು ಲೀಗಿನಲ್ಲಿ ಮೊದಲೇ ಒಂದೆರಡು ಪ್ರಯತ್ನಗಳಾಗಿದ್ದವು, ನಿಜ. ಆದರೆ ಹೊರಗಿಡುವುದೇ ಪದ್ಧತಿಯಾಗಿತ್ತು. ಇಂಥ ದಿನಗಳಲ್ಲಿ, 1946–47ರಲ್ಲೇ, ಹೇಝಲ್‌ಟನ್ ತಂಡದಲ್ಲಿ ಮೂವರು ಕಪ್ಪು ಆಟಗಾರರಿದ್ದರು. ಬಿಲ್ ಬ್ರೌನ್, ಝ್ಯಾಕ್ ಕ್ಲೇಟನ್, ಜಾನ್ ಐಸಾಕ್ಸ್.

ಇವರು ಯಾರೋ ಹೊಸಬರಲ್ಲ. ಬ್ರೌನ್ ಮತ್ತು ಕ್ಲೇಟನ್ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದಲ್ಲಿ ಆಡಿದ್ದವರು. ಐಸಾಕ್ಸ್ ಪನಾಮಾದಲ್ಲಿ 1915ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವರು. ಹೈಸ್ಕೂಲು ಮುಗಿಸಿ ನೇರವಾಗಿ ಸೇರಿದ್ದು ನ್ಯೂಯಾರ್ಕ್ ರೆನೇಸಾನ್ಸ್ ತಂಡವನ್ನು. ಜನ ಅದನ್ನು 'ರೆನ್ಸ್' ಎಂದು ಕರೆಯುತ್ತಿದ್ದರು. ಬಾಬ್ ಡಗ್ಲಸ್ ಎಂಬವರು 1923ರಲ್ಲಿ ಕಟ್ಟಿದ, ಪೂರ್ತಿ ಕಪ್ಪು ಆಟಗಾರರ ವೃತ್ತಿಪರ ತಂಡ. ಲೀಗುಗಳು ಸೇರಿಸಿಕೊಳ್ಳದ್ದರಿಂದ ಅವರು 'ಬ್ಲೂ ಗೂಸ್' ಎಂದು ಹೆಸರಿಟ್ಟ ಬಸ್ಸಿನಲ್ಲಿ ಊರೂರು ಸುತ್ತಿ ಆಡುತ್ತಿದ್ದರು. ಎಷ್ಟೋ ಊರುಗಳಲ್ಲಿ ಇವರ ಆಟಕ್ಕೆ ಜನ ಟಿಕೆಟು ಕೊಂಡು ಬರುತ್ತಿದ್ದರು. ಆಟ ಮುಗಿದ ಮೇಲೆ ಅದೇ ಊರಿನ ಹೋಟೆಲುಗಳು ಇವರಿಗೆ ಊಟ ಕೊಡುತ್ತಿರಲಿಲ್ಲ, ಕೋಣೆ ಕೊಡುತ್ತಿರಲಿಲ್ಲ. ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ.

1939ರಲ್ಲಿ ಷಿಕಾಗೊದಲ್ಲಿ ವಿಶ್ವ ವೃತ್ತಿಪರ ಬಾಸ್ಕೆಟ್‌ಬಾಲ್ ಟೂರ್ನಿ ಮೊದಲ ಬಾರಿಗೆ ನಡೆಯಿತು. ಬಿಳಿಯರ ತಂಡಗಳಿಗೂ ಕಪ್ಪು ವರ್ಣೀಯರ ತಂಡಗಳಿಗೂ ಪ್ರವೇಶವಿತ್ತು. ಅಂತಿಮ ಪಂದ್ಯದಲ್ಲಿ ರೆನ್ಸ್ ತಂಡ ಆಷ್‌ಕಾಷ್ ಆಲ್‌ಸ್ಟಾರ್ಸ್ ತಂಡವನ್ನು 34–25ರಿಂದ ಸೋಲಿಸಿತು. ಸಂತೋಷದಲ್ಲಿ ಡಗ್ಲಸ್ ತಮ್ಮ ಆಟಗಾರರಿಗೆ ಜಾಕೆಟುಗಳನ್ನು ಕೊಡಿಸಿದರು. ಬೆನ್ನ ಮೇಲೆ ಬರೆಸಿದ್ದು, 'ಕಲರ್ಡ್ ವಿಶ್ವ ಚಾಂಪಿಯನ್‌ಗಳು' ಎಂದು. ಕಪ್ಪು ಜನರಿಗೆ ಅಂದಿನ ಅಮೆರಿಕ ಅಂಟಿಸಿದ್ದ ಚೀಟಿ ಆ ಮೊದಲ ಮಾತು. ಇಪ್ಪತ್ತಮೂರು ವರ್ಷದ ಐಸಾಕ್ಸ್ ಒಂದು ಬ್ಲೇಡು ತೆಗೆದುಕೊಂಡು, ಬಟ್ಟೆ ಹರಿಯದ ಹಾಗೆ, ಹೊಲಿಗೆ ಬಿಡಿಸಿ ಆ ಒಂದು ಪದವನ್ನು ಮಾತ್ರ ಕಿತ್ತುಹಾಕಿದರಂತೆ. ಹೊಸ ಜಾಕೆಟು ಹಾಳಾಯಿತೆಂದು ಡಗ್ಲಸ್ ಗದರಿದಾಗ, ಇಲ್ಲ, ಈಗ ಚೆನ್ನಾಗಿ ಕಾಣುತ್ತಿದೆ ಎಂಬರ್ಥದ ಉತ್ತರ ಬಂತಂತೆ. ಈ ಘಟನೆಯನ್ನು ಅವರು ಮುಪ್ಪಿನಲ್ಲಿಯೂ ಹೇಳಿಕೊಳ್ಳುತ್ತಿದ್ದರು.

ಅಂಥ ಮನುಷ್ಯ ಏಳು ವರ್ಷಗಳ ನಂತರ ಕಲ್ಲಿದ್ದಲ ಊರಿನ ಪುಟ್ಟ ತಂಡವೊಂದರಲ್ಲಿ, ಬಿಳಿಯ ಜೊತೆಗಾರರೊಡನೆ, ಬೆನ್ನ ಮೇಲೆ ಬರೀ ಅಂಕಿ ಧರಿಸಿ ಆಡಿದರು. ಲೀಗು ಇದನ್ನು ಸಮಾಜ ಸುಧಾರಣೆ ಎಂದು ಮಾಡಿತೆಂದು ನಾನು ಹೇಳುತ್ತಿಲ್ಲ. ಗೆಲ್ಲಬೇಕಾಗಿತ್ತು, ಒಳ್ಳೆಯ ಆಟಗಾರರು ಬೇಕಾಗಿದ್ದರು, ದೊಡ್ಡ ಲೀಗು ಹೊರಗಿಟ್ಟಿದ್ದ ಒಳ್ಳೆಯ ಆಟಗಾರರು ಸಿಕ್ಕರು. ದೊಡ್ಡ ಮಾಲೀಕನಿಗೆ, ಇದರಿಂದ ಯಾರಾದರೂ ಮುನಿಸಿಕೊಂಡು ಕುರ್ಚಿ ಖಾಲಿಯಾದರೆ ಏನು ಗತಿ ಎಂಬ ಭಯ. ಕಳೆದುಕೊಳ್ಳಲು ಹೆಚ್ಚಿಲ್ಲದವರಿಗೆ ಅಷ್ಟು ಭಯವಿರಲಿಲ್ಲ. ಹೇಝಲ್‌ಟನ್‌ಗೆ ತನ್ನದೇ ಆದ ನೆನಪೊಂದೂ ಇತ್ತು. 1897ರ ಸೆಪ್ಟೆಂಬರ್ 10ರಂದು, ಊರಿನ ಪಕ್ಕದ ಲ್ಯಾಟಿಮರ್ ಗಣಿಯ ಬಳಿ, ಮುಷ್ಕರ ಹೂಡಿ ನಿರಾಯುಧರಾಗಿ ಮೆರವಣಿಗೆ ಹೊರಟಿದ್ದ ಕಾರ್ಮಿಕರ ಮೇಲೆ ಷರೀಫನ ಜನ ಗುಂಡು ಹಾರಿಸಿ 19 ಮಂದಿಯನ್ನು ಕೊಂದಿದ್ದರು. ಸತ್ತವರು ಪೂರ್ವ ಯೂರೋಪಿನಿಂದ ವಲಸೆ ಬಂದು ಗಣಿ ಇಳಿದವರು. ಕೀಳೆಂದು ಕಂಡವರ ಮಕ್ಕಳು, ಮೊಮ್ಮಕ್ಕಳು ಆ ಊರಿನ ಪ್ರೇಕ್ಷಕರು. ಇದರಿಂದಲೇ ಅವರು ಐಸಾಕ್ಸ್‌ಗೆ ಚಪ್ಪಾಳೆ ತಟ್ಟಿದರು ಎಂದು ಗಂಟು ಹಾಕಿದರೆ ಅದು ಕಥೆಯಾದೀತು, ಚರಿತ್ರೆಯಾಗದು. ಪಕ್ಕಪಕ್ಕದಲ್ಲಿ ಇಟ್ಟು ನೋಡಿ ಎಂದಷ್ಟೇ ಹೇಳುತ್ತೇನೆ.

ಒಮ್ಮೆ ತೆರೆದ ಬಾಗಿಲು ಆ ಊರಿನಲ್ಲಿ ಮುಚ್ಚಲಿಲ್ಲ. 1955–56ರಲ್ಲಿ ಹೇಝಲ್‌ಟನ್‌ನ ಅಂದಿನ ತಂಡವಾದ 'ಹಾಕ್ಸ್' ಆಟ ಶುರುಮಾಡುವ ಐವರನ್ನೂ ಕಪ್ಪು ಆಟಗಾರರನ್ನೇ ಇಳಿಸಿತು. ಎನ್.ಬಿ.ಎ.ಯಲ್ಲಿ ಆ ಮಾತು ನಡೆದದ್ದು 1964ರ ಡಿಸೆಂಬರಿನಲ್ಲಿ, ಬೋಸ್ಟನ್ ತಂಡದಿಂದ. ಆ ಐವರಲ್ಲಿ ಜೆಸಿ ಆರ್ನೆಲ್ ಮುಂದೆ ವಕೀಲರಾದರು, ಫ್ಲೆಚರ್ ಜಾನ್ಸನ್ ವೈದ್ಯರಾದರು. ಉಳಿದವರಲ್ಲಿ ಷರ್ಮನ್ ವೈಟ್ ಮತ್ತು ಫ್ಲಾಯ್ಡ್ ಲೇನ್ ಎಂಬಿಬ್ಬರ ಕಥೆ ಬೇರೆ. 1951ರಲ್ಲಿ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ದೊಡ್ಡ ಹಗರಣ ಹೊರಬಿತ್ತು. ಜೂಜುಕೋರರಿಂದ ಹಣ ಪಡೆದು ಆಟಗಾರರು ಅಂಕಗಳ ಅಂತರವನ್ನು ಬೇಕಾದಂತೆ ಹೊಂದಿಸುತ್ತಿದ್ದರು. ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸುತ್ತಿದ್ದ ವೈಟ್ ಸಿಕ್ಕಿಬಿದ್ದು ಎಂಟು ತಿಂಗಳು ಸೆರೆಮನೆಯಲ್ಲಿದ್ದರು. ಎನ್.ಬಿ.ಎ. ಇಂಥವರಿಗೆ ಜೀವನಪೂರ್ತಿ ಬಾಗಿಲು ಮುಚ್ಚಿತು. ಶನಿವಾರದ ಲೀಗು ಆಡಲು ಬಿಟ್ಟಿತು. ಸರಿಯೋ ತಪ್ಪೋ, ನಿಮ್ಮ ತರಗತಿಯಲ್ಲಿ ಚರ್ಚೆಗೆ ಒಳ್ಳೆಯ ವಿಷಯ. ಶಿಕ್ಷೆ ಅನುಭವಿಸಿ ಬಂದ ಇಪ್ಪತ್ತೈದರ ಆಚೀಚಿನ ಹುಡುಗನಿಗೆ ಚೆಂಡು ಮುಟ್ಟಲು ಎಲ್ಲೋ ಒಂದು ಅಂಕಣ ಉಳಿದಿರಬೇಕು ಎಂಬುದು ನನ್ನ ಮತ. ಲೇನ್ ಮುಂದೆ 1975ರಲ್ಲಿ ತಾವು ಓದಿದ ಕಾಲೇಜಿಗೇ ತರಬೇತುದಾರರಾಗಿ ಮರಳಿದರು.

ಈಗ ನನ್ನ ಕಸುಬಿಗೆ ಸಂಬಂಧಿಸಿದ ಒಂದು ಮಾತು. ದೂರದರ್ಶನದಲ್ಲಿ ದುಡಿಯುವ ನನಗೆ ಈ ಬೆಟ್ಟಸೀಮೆಯ ಮೇಲೆ ಬೇರೊಂದು ಕುತೂಹಲವೂ ಇದೆ. ಟಿ.ವಿ. ಪ್ರಸಾರಕ್ಕೆ ಬಳಸುವ ಅಲೆಗಳು ಹೆಚ್ಚುಕಡಮೆ ಬೆಳಕಿನ ಹಾಗೆ ನೇರ ದಾರಿಯಲ್ಲಿ ಹೋಗುತ್ತವೆ. ಮಧ್ಯದಲ್ಲಿ ಬೆಟ್ಟ ಬಂದರೆ ಅದರ ಹಿಂದೆ 'ನೆರಳು' ಬೀಳುತ್ತದೆ. ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಫಿಲಡೆಲ್ಫಿಯದ ಕಾರ್ಯಕ್ರಮಗಳು ಈ ಕಣಿವೆಯ ಊರುಗಳಿಗೆ ಸಿಗುತ್ತಿರಲಿಲ್ಲ. ಪಾಟ್ಸ್‌ವಿಲ್ ಇರುವ ಜಿಲ್ಲೆಯಲ್ಲೇ ಮಹನೋಯ್ ಸಿಟಿ ಎಂಬ ಊರಿದೆ. ಅಲ್ಲಿ ಟಿ.ವಿ. ಮಾರುತ್ತಿದ್ದ ಜಾನ್ ವಾಲ್‌ಸನ್ ಎಂಬವರು, ಚಿತ್ರವೇ ಬಾರದ ಪೆಟ್ಟಿಗೆಯನ್ನು ಯಾರು ಕೊಳ್ಳುತ್ತಾರೆಂದು, ಬೆಟ್ಟದ ತುದಿಯಲ್ಲಿ ಆಂಟೆನಾ ನೆಟ್ಟು ಅಲ್ಲಿಂದ ಅಂಗಡಿಗೆ ತಂತಿ ಎಳೆದರು. ಅದು 1948ರಲ್ಲಿ ಎಂದು ಅವರ ಹೇಳಿಕೆ. ಅದೇ ಸೀಮೆಯ ಲ್ಯಾನ್ಸ್‌ಫರ್ಡ್‌ನಲ್ಲಿ 1950ರಲ್ಲಿ ಇಂಥದೇ ವ್ಯವಸ್ಥೆ ನಡೆದದ್ದಕ್ಕೆ ದಾಖಲೆಗಳಿವೆ. ಹೀಗೆ, 1990ರ ದಶಕದಲ್ಲಿ ನಮ್ಮ ಬೀದಿಗಳ ಮೇಲೆ ಜೋತುಬಿದ್ದ ಕೇಬಲ್ ಟಿ.ವಿ.ಯ ಮೂಲಪುರುಷರು ಈ ಕಲ್ಲಿದ್ದಲ ಗುಡ್ಡಗಳಲ್ಲೇ ಇದ್ದರು.

ಇದರ ಪರಿಣಾಮ ಊಹಿಸಿ. ಶನಿವಾರ ರಾತ್ರಿ ಚಳಿಯಲ್ಲಿ ಜಿಮ್‌ಗೆ ನಡೆದು ಹೋಗುತ್ತಿದ್ದ ಮನುಷ್ಯನಿಗೆ ಈಗ ಮನೆಯಲ್ಲೇ ನಗರದ ಮನರಂಜನೆ. ದೇಶದಾದ್ಯಂತ ಕಿರಿಯ ಬೇಸ್‌ಬಾಲ್ ಲೀಗುಗಳು 1949ರಲ್ಲಿ 59 ಇದ್ದವು. 1963ರ ಹೊತ್ತಿಗೆ ಇಪ್ಪತ್ತೂ ಉಳಿಯಲಿಲ್ಲ. ಅದಕ್ಕೆ ಟಿ.ವಿ.ಯೊಂದೇ ಕಾರಣವಲ್ಲ, ಆದರೆ ಮುಖ್ಯ ಕಾರಣಗಳಲ್ಲಿ ಒಂದು. ಕಲ್ಲಿದ್ದಲ ಸೀಮೆಯ ಬಾಸ್ಕೆಟ್‌ಬಾಲ್ ಲೀಗು ಮಾತ್ರ ಈ ಹೊಡೆತವನ್ನೂ ತಡೆದುಕೊಂಡಿತು. ಸೋಮವಾರದಿಂದ ಶುಕ್ರವಾರದವರೆಗೆ ತನ್ನ ಆಟಗಾರರನ್ನು ಸಾಕುವ ಭಾರ ಅದರ ಮೇಲಿರಲಿಲ್ಲ ಎಂಬುದನ್ನು ಮರೆಯಬೇಡಿ.

ಹಾಗೆಂದು ಆಟದ ಮಟ್ಟ ಕಡಮೆಯೆಂದು ತಿಳಿಯಬೇಡಿ. 1961ರಿಂದ 1966ರವರೆಗೆ ಎನ್.ಬಿ.ಎ.ಯಲ್ಲಿ ಇದ್ದದ್ದು ಒಂಬತ್ತೇ ತಂಡಗಳು. ತಂಡಕ್ಕೆ ಹೆಚ್ಚೆಂದರೆ ಹನ್ನೆರಡು ಜನ ಎಂದಿಟ್ಟುಕೊಳ್ಳಿ. ಇಡೀ ದೇಶಕ್ಕೆ ಸುಮಾರು ನೂರು ಸ್ಥಾನ. ನೂರಾ ಒಂದನೆಯವನು ಎಲ್ಲಿಗೆ ಹೋಗಬೇಕು? 1965ರಲ್ಲಿ ಎನ್.ಬಿ.ಎ. ತಂಡವೊಂದರಲ್ಲಿ ಸ್ಥಾನ ಸಿಗದ ಬಾಬ್ ಲವ್ ಒಂದು ಚಳಿಗಾಲ ಈ ಲೀಗಿನ ಟ್ರೆಂಟನ್ ತಂಡದಲ್ಲಿ ಆಡಿ, ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡು, ಮರುವರ್ಷ ಮೇಲೆ ಹೋಗಿ, ಮುಂದೆ ಷಿಕಾಗೊ ಬುಲ್ಸ್ ತಂಡದ ದೊಡ್ಡ ತಾರೆಯಾದರು. ದೂರದಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ ಎಂಬ ನಿಯಮ ನಿಮಗೆ ಗೊತ್ತಲ್ಲ? 1961ರಲ್ಲಿ ಬೇರೊಂದು ಲೀಗು ಅದನ್ನು ತಂದು ಎರಡೇ ವರ್ಷದಲ್ಲಿ ಮುಚ್ಚಿಹೋಗಿತ್ತು. ಆ ನಿಯಮವನ್ನು 1963–64ರಲ್ಲಿ ಎತ್ತಿಕೊಂಡದ್ದು ಈ ಶನಿವಾರದ ಲೀಗು. ಎನ್.ಬಿ.ಎ. ಒಪ್ಪಿದ್ದು 1979–80ರಲ್ಲಿ. ಪ್ರಯೋಗಶಾಲೆ ಚಿಕ್ಕದಿದ್ದಷ್ಟೂ ಪ್ರಯೋಗ ಸುಲಭ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ.

ಮೇಲಿನಿಂದ ಕೆಳಗೆ ತಾವಾಗಿಯೇ ಇಳಿದು ಬಂದವರೂ ಇದ್ದರು. ಪಾಲ್ ಆರಿಜಿನ್ ಫಿಲಡೆಲ್ಫಿಯ ವಾರಿಯರ್ಸ್ ತಂಡದ ಮಹಾ ಆಟಗಾರ. ಎರಡು ಸಲ ಇಡೀ ಎನ್.ಬಿ.ಎ.ಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದವರು. 1962ರಲ್ಲಿ ಆ ತಂಡ ಮೂರೂವರೆ ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರದ ಸ್ಯಾನ್ ಫ್ರಾನ್ಸಿಸ್ಕೊಗೆ ವರ್ಗವಾಯಿತು. ಆರಿಜಿನ್ ಹೋಗಲಿಲ್ಲ. ಹುಟ್ಟೂರಿನಲ್ಲೇ ಉಳಿದು ಐ.ಬಿ.ಎಂ. ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದರು. ಶನಿವಾರಗಳಂದು ನದಿಯಾಚೆಯ ಕ್ಯಾಮ್ಡನ್ ತಂಡಕ್ಕೆ ಆಡಿದರು. ಹಿಂದಿನ ಋತುವಿನಲ್ಲಷ್ಟೇ ಎನ್.ಬಿ.ಎ.ಯಲ್ಲಿ ಪಂದ್ಯಕ್ಕೆ ಸರಾಸರಿ 21.9 ಅಂಕ ಗಳಿಸಿದ್ದ ಮನುಷ್ಯ ಸೋಮವಾರ ಬೆಳಗ್ಗೆ ಟೈ ಕಟ್ಟಿಕೊಂಡು ಕಛೇರಿಗೆ! 1963ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ, 1964ರಲ್ಲಿ ಚಾಂಪಿಯನ್ ತಂಡದ ಸದಸ್ಯ. ಓದೋ ಆಟವೋ, ಕೆಲಸವೋ ಆಟವೋ ಎಂದು ಮನೆಯಲ್ಲಿ ವಾದ ನಡೆಸುತ್ತಿರುವ ನಿಮಗೆ ಆರಿಜಿನ್ ಹೆಸರು ಉಪಯೋಗಕ್ಕೆ ಬರಬಹುದು. ಎರಡೂ ಕಡೆಯವರಿಗೂ ಬರಬಹುದು!

ಲೀಗಿನ ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಅದು ತನ್ನ 'ಅರೆ'ತನದಿಂದ ಬೇಸತ್ತಿತು. 1977ರಲ್ಲಿ ಅಲಾಸ್ಕಾದ ಆಂಕರೇಜ್ ನಗರದ ತಂಡವನ್ನು ಸೇರಿಸಿಕೊಂಡಿತು. ಪೆನ್ಸಿಲ್ವೇನಿಯದಿಂದ ಆಂಕರೇಜ್ ಐದು ಸಾವಿರ ಕಿಲೋಮೀಟರಿಗೂ ದೂರ. ಸಂಜೆ ಕೆಲಸ ಮುಗಿಸಿ ಕಾರಿನಲ್ಲಿ ಹೋಗಿ ಬರುವ ಮಾತು ಅಲ್ಲಿಗೆ ಮುಗಿಯಿತು. 1978ರಲ್ಲಿ ಕಾಂಟಿನೆಂಟಲ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂದು ಹೆಸರು ಬದಲಾಯಿತು. ದೇಶದ ತುಂಬ ತಂಡಗಳು, ಪೂರ್ಣಾವಧಿ ಆಟಗಾರರು, ಎನ್.ಬಿ.ಎ.ಗೆ ಆಟಗಾರರನ್ನು ತಯಾರಿಸಿ ಕಳಿಸುವ ಕೀರ್ತಿ, ಎಲ್ಲವೂ ಬಂತು. 1999ರಲ್ಲಿ ಮಾಜಿ ತಾರೆ ಐಸಾಯ ಥಾಮಸ್ ಇಡೀ ಲೀಗನ್ನೇ ಕೊಂಡರು. 2001ರ ಫೆಬ್ರವರಿಯಲ್ಲಿ, ಋತುವಿನ ನಡುವೆಯೇ, ಹಣವಿಲ್ಲದೆ ಆಟ ನಿಂತಿತು. ಕೆಲವು ತಂಡಗಳು ಮತ್ತೆ ಕೂಡಿ ಅದೇ ಹೆಸರಿನಲ್ಲಿ ಇನ್ನಷ್ಟು ಕಾಲ ಎಳೆದವು. 2009ರಲ್ಲಿ ಅದೂ ಕೊನೆಗೊಂಡಿತು.

ಹೇಝಲ್‌ಟನ್‌ನ ಆ ಮೂವರಲ್ಲಿ ಝ್ಯಾಕ್ ಕ್ಲೇಟನ್ ಆಟ ಬಿಟ್ಟ ಮೇಲೆ ಬಾಕ್ಸಿಂಗ್ ರೆಫರಿಯಾದರು. 1974ರ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಷಾಸಾದಲ್ಲಿ ಮಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ನಡುವೆ ನಡೆದ ಜಗತ್ಪ್ರಸಿದ್ಧ ಕಾಳಗದ ಹಳೆಯ ಚಿತ್ರೀಕರಣ ನಿಮಗೆಲ್ಲಾದರೂ ಸಿಕ್ಕರೆ, ಎಂಟನೆಯ ಸುತ್ತಿನಲ್ಲಿ ಕೆಳಗೆ ಬಿದ್ದ ಫೋರ್‌ಮನ್ ಪಕ್ಕದಲ್ಲಿ ಬಾಗಿ ಎಣಿಸುತ್ತಿರುವ ವ್ಯಕ್ತಿಯನ್ನು ನೋಡಿ. ಅವರೇ ಕ್ಲೇಟನ್. ಜಾನ್ ಐಸಾಕ್ಸ್ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಮಕ್ಕಳ ಕ್ಲಬ್ಬೊಂದರಲ್ಲಿ ದಶಕಗಳ ಕಾಲ ಹುಡುಗರಿಗೆ ಆಟ ಹೇಳಿಕೊಟ್ಟರು. ತೊಂಬತ್ತು ದಾಟಿದ ಮೇಲೂ ಅಲ್ಲಿಗೆ ಬರುತ್ತಿದ್ದರು. 2009ರ ಜನವರಿಯಲ್ಲಿ, ತಮ್ಮ ಹಳೆಯ ಲೀಗಿನ ಕೊನೆಯ ಋತು ಇನ್ನೂ ನಡೆಯುತ್ತಿದ್ದಾಗ, ತೀರಿಕೊಂಡರು. ಬಾಸ್ಕೆಟ್‌ಬಾಲ್ ಹುಟ್ಟಿದ ಊರಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆ ಆಟದ ಮಹನೀಯರ ಹೆಸರುಗಳನ್ನಿಡುವ ಭವನವಿದೆ. ಅಲ್ಲಿ ಐಸಾಕ್ಸ್ ಹೆಸರನ್ನು 2015ರಲ್ಲಿ, ಕ್ಲೇಟನ್ ಹೆಸರನ್ನು 2017ರಲ್ಲಿ ಸೇರಿಸಿದರು.